ಬಾಗಿಲಲ್ಲಿ ನಿಂತ ಇಬ್ಬರು ಮತ್ತು ಅಮ್ಮನ ಮಜ್ಜಿಗೆ

ಅಮ್ಮ ಹಾಸನದಿಂದ ಮೊದಲ ಸಲ ಅಮೆರಿಕಕ್ಕೆ ಬಂದಿದ್ದಳು. ಡಲ್ಲಾಸ್ ಪಕ್ಕದ ನಮ್ಮ ಊರಲ್ಲಿ ಆಗಸ್ಟ್ ಬಿಸಿಲು ಅಂದ್ರೆ ಹೊರಗೆ ಕಾಲಿಡೋಕೆ ಆಗೋದಿಲ್ಲ. ನಾನು ಆಫೀಸಿನಲ್ಲಿದ್ದೆ. ಮಧ್ಯಾಹ್ನ ಬೆಲ್ ಆಗಿದೆ, ಅಮ್ಮ ಬಾಗಿಲು ತೆಗೆದಿದ್ದಾಳೆ. ಹೊರಗೆ ಇಬ್ಬರು ಹುಡುಗರು. ಬಿಳಿ ಶರ್ಟು, ಟೈ, ಎದೆ ಮೇಲೆ ಹೆಸರಿನ ಕಪ್ಪು ಪಟ್ಟಿ, ಪಕ್ಕದಲ್ಲಿ ಎರಡು ಸೈಕಲ್. ಮುಖ ಕೆಂಪಗೆ ಸುಟ್ಟುಹೋಗಿತ್ತಂತೆ. ಅಮ್ಮನ ಬಾಯಲ್ಲಿ ಮೊದಲು ಬಂದ ಮಾತು "ಅಯ್ಯೋ ಪಾಪ". ಒಳಗೆ ಬನ್ನಿ ಅಂತ ಕೈಸನ್ನೆ ಮಾಡಿದಳು. ಬರಲಿಲ್ಲ. ಕಾಫಿ ತಂದಳು. ಕುಡಿಯಲಿಲ್ಲ. ಅವಳಿಗೆ ಬೇಜಾರಾಯಿತು. ಆಮೇಲೆ ಏನೋ ಹೊಳೆದು ಉಪ್ಪು, ಇಂಗು ಹಾಕಿದ ಮಜ್ಜಿಗೆ ತಂದುಕೊಟ್ಟಳು. ಮೆಟ್ಟಿಲ ಮೇಲೆ ನಿಂತೇ ಎರಡೆರಡು ಲೋಟ ಕುಡಿದು, ಒಂದು ಕಾರ್ಡ್ ಕೊಟ್ಟು ಹೋದರು.

ಸಂಜೆ ನಾನು ಬಂದ ಕೂಡಲೇ ಕೇಳಿದಳು. "ದಾಸಯ್ಯ ಬಂದ್ರೆ ಒಂದು ಹಿಡಿ ಅಕ್ಕಿ ಹಾಕ್ತೀವಿ, ಶಂಖ ಊದಿ ಹೋಗ್ತಾನೆ. ಈ ಹುಡುಗರೂ ದೇವರ ಹೆಸರು ಹೇಳ್ಕೊಂಡೇ ಬಂದಿದ್ದು. ಏನೂ ಇಸ್ಕೊಳ್ಳೋದಿಲ್ಲ ಅಂದ್ರೆ ಮತ್ಯಾಕೋ ಬರ್ತಾರೆ?"

ಪ್ರಶ್ನೆ ಸರಿಯಾಗೇ ಇದೆ. ದೇವರ ಹೆಸರಲ್ಲಿ ಬಾಗಿಲಿಗೆ ಬರುವವರು ನಮಗೆ ಹೊಸಬರೇನಲ್ಲ. ದಾಸಯ್ಯ, ಜಂಗಮ, ಬುಡಬುಡಿಕೆಯವನು ಎಲ್ಲರೂ ಬಂದವರೇ. ಆದರೆ ಅವರಿಗೆ ಬೇಕಾಗಿದ್ದು ನಮ್ಮ ಅಕ್ಕಿ. ನಾವು ಯಾವ ದೇವರನ್ನು ನಂಬುತ್ತೇವೆ ಅನ್ನೋದು ಅವರಿಗೆ ಬೇಕಿರಲಿಲ್ಲ. ಈ ಹುಡುಗರ ಲೆಕ್ಕ ಉಲ್ಟಾ. ಅಕ್ಕಿ ಬೇಡ, ನಂಬಿಕೆ ಬದಲಾಗಬೇಕು. ಹೊರದೇಶದಲ್ಲಿರುವ ನಮ್ಮವರಲ್ಲಿ ಬಹಳ ಜನ ಇವರನ್ನು ಕಂಡರೆ ಪರದೆ ಎಳೆದು ಸುಮ್ನೆ ಕೂತುಬಿಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಅಮ್ಮ ಕೇಳಿದ ಮೇಲೆ ಸ್ವಲ್ಪ ಓದಿದೆ, ಸ್ವಲ್ಪ ವಿಚಾರಿಸಿದೆ.

ಮೊದಲ ಸಂಗತಿ, ಬಾಗಿಲಿಗೆ ಬರುವವರೆಲ್ಲ ಒಂದೇ ಗುಂಪಲ್ಲ. ಅಮೆರಿಕದಲ್ಲಿ ಮುಖ್ಯವಾಗಿ ಮೂರು ಥರದವರು ಬರುತ್ತಾರೆ. ಒಬ್ಬರು ಇನ್ನೊಬ್ಬರನ್ನು ಅಷ್ಟಾಗಿ ಒಪ್ಪುವುದೂ ಇಲ್ಲ.

ಸೈಕಲ್ಲಿನ ಹುಡುಗರು ಮಾರ್ಮನ್ನರು. ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ ಕ್ರೈಸ್ತ ಸಭೆ, ಅಂದರೆ ಚರ್ಚ್, ಇದು. ಈಗಿನ ಕೇಂದ್ರ ಯೂಟಾದಲ್ಲಿದೆ. ಇವರ ಹುಡುಗರು ಹದಿನೆಂಟು ದಾಟಿದ ಮೇಲೆ ಎರಡು ವರ್ಷ ಮಿಷನ್‌ಗೆ, ಅಂದರೆ ಧರ್ಮ ಪ್ರಚಾರಕ್ಕೆ, ಹೋಗುತ್ತಾರೆ. ಹುಡುಗಿಯರಿಗೆ ಹದಿನೆಂಟು ತಿಂಗಳು. 2012ಕ್ಕೆ ಮುಂಚೆ ಹುಡುಗರಿಗೆ 19, ಹುಡುಗಿಯರಿಗೆ 21 ತುಂಬಿರಬೇಕಿತ್ತು. ಆ ವರ್ಷ ವಯಸ್ಸಿನ ಮಿತಿ ಇಳಿಸಿದ ಮೇಲೆ ಹೊರಡುವವರ ಸಂಖ್ಯೆ ಒಮ್ಮೆಲೇ ಏರಿತು. ಈಗ ಪ್ರಪಂಚದಾದ್ಯಂತ 70 ಸಾವಿರಕ್ಕೂ ಹೆಚ್ಚು ಮಂದಿ ಈ ಕೆಲಸದಲ್ಲಿದ್ದಾರೆ. ಸಂಬಳ ಇಲ್ಲ. ಖರ್ಚು ಸಾಮಾನ್ಯವಾಗಿ ಅವರದೇ, ಇಲ್ಲವೇ ಮನೆಯವರದು. ಯಾವ ಊರು ಅಂತ ಆರಿಸಿಕೊಳ್ಳುವ ಹಾಗಿಲ್ಲ. ಪತ್ರ ಬರುತ್ತದೆ, ಹೋಗಬೇಕು. ಜೊತೆಗಾರನನ್ನೂ ಅವರೇ ಕೊಡುತ್ತಾರೆ. ಎರಡು ವರ್ಷ ಇಪ್ಪತ್ತನಾಲ್ಕು ಗಂಟೆಯೂ ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರು ಇರಬೇಕು. ಸಿನಿಮಾ, ಪ್ರೀತಿ ಗೀತಿ ಏನೂ ಇಲ್ಲ. 2019ರವರೆಗೆ ಮನೆಗೆ ಫೋನ್ ಮಾಡಬಹುದಾಗಿದ್ದುದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. ಈಗ ವಾರಕ್ಕೊಮ್ಮೆ ಮಾತಾಡಬಹುದು.

ಇಷ್ಟು ಗೊತ್ತಾದ ಮೇಲೆ ಅಮ್ಮನ ಬೇಜಾರಿಗೆ ಕಾರಣ ಸಿಕ್ಕಿತು. ಅವರ ಧರ್ಮದಲ್ಲಿ 1833ರಿಂದಲೂ "ಬಿಸಿ ಪಾನೀಯ" ಬೇಡ ಎಂಬ ಕಟ್ಟಳೆ ಇದೆ. ಅದರ ಅರ್ಥ ಕಾಫಿ ಮತ್ತು ಟೀ ಎಂದು ಸಭೆ ಹೇಳುತ್ತದೆ. ಹೆಂಗಸೊಬ್ಬರೇ ಇರುವ ಮನೆಯೊಳಗೆ ಈ ಹುಡುಗರು ಕಾಲಿಡಬಾರದು ಅನ್ನೋದು ಇನ್ನೊಂದು ನಿಯಮ. ಹಾಸನದ ಫಿಲ್ಟರ್ ಕಾಫಿಯನ್ನು ಬೇಡ ಅಂದಿದ್ದು ಅಹಂಕಾರದಿಂದಲ್ಲ. ಮಡಿಯಲ್ಲಿರುವವರು ಹೋಟೆಲ್ ಊಟ ಬೇಡ ಅನ್ನುವ ಹಾಗೆ, ಅಷ್ಟೇ. ಹಾಗೆ ಹೇಳಿದಾಗ ಅಮ್ಮನಿಗೆ ತಕ್ಷಣ ಅರ್ಥವಾಯಿತು.

ಎರಡನೆಯವರು ಯೆಹೋವನ ಸಾಕ್ಷಿಗಳು. ಶನಿವಾರ ಬೆಳಗ್ಗೆ ನೀಟಾಗಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಗಂಡ ಹೆಂಡತಿಯೋ, ಇಬ್ಬರು ಹೆಂಗಸರೋ ಬಂದರೆ ಬಹುಪಾಲು ಇವರೇ. ಚಾರ್ಲ್ಸ್ ಟೇಜ್ ರಸೆಲ್ 1879ರಲ್ಲಿ ಶುರು ಮಾಡಿದ ಪತ್ರಿಕೆಯ ಸುತ್ತ ಬೆಳೆದ ಕ್ರೈಸ್ತ ಗುಂಪು. ಈಗಿನ ಹೆಸರು ಬಂದಿದ್ದು 1931ರಲ್ಲಿ. ಆ ಪತ್ರಿಕೆ ಕನ್ನಡದಲ್ಲೂ ಇದೆ, ಹೆಸರು "ಕಾವಲಿನಬುರುಜು". ಮಾರ್ಮನ್ನರಲ್ಲಿ ಈ ಕೆಲಸ ಎರಡು ವರ್ಷದ್ದಾದರೆ ಇವರಲ್ಲಿ ಜೀವಮಾನದ್ದು. ಸುಮಾರು 90 ಲಕ್ಷ ಸದಸ್ಯರಲ್ಲಿ ಪ್ರತಿಯೊಬ್ಬರೂ ಪ್ರಚಾರಕರೇ. ಪ್ರತಿ ಸಭೆಗೂ ಊರಿನ ಒಂದೊಂದು ಭಾಗದ ನಕ್ಷೆ ಹಂಚಿರುತ್ತದೆ. 1930ರ ದಶಕದಲ್ಲಿ ಇವರು ಗ್ರಾಮಫೋನ್ ಹೊತ್ತುಕೊಂಡು ಬಂದು ಬಾಗಿಲಲ್ಲೇ ಭಾಷಣದ ಪ್ಲೇಟ್ ಹಾಕುತ್ತಿದ್ದರು! ಕೋವಿಡ್ ಬಂದಾಗ 2020ರ ಮಾರ್ಚ್‌ನಲ್ಲಿ ಬಾಗಿಲು ತಟ್ಟುವುದನ್ನು ನಿಲ್ಲಿಸಿದರು. ಮತ್ತೆ ಹೊರಟಿದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ ಕಾಗದ ಬರೆದರು, ಫೋನ್ ಮಾಡಿದರು.

ಮೂರನೆಯವರು ಇವ್ಯಾಂಜೆಲಿಕಲ್ ಸಭೆಗಳವರು, ಅಂದರೆ ಬ್ಯಾಪ್ಟಿಸ್ಟ್ ಮತ್ತಿತರ ಪ್ರಾಟೆಸ್ಟಂಟರು. ಇವರಲ್ಲಿ ಬಾಗಿಲು ತಟ್ಟುವುದು ಎಲ್ಲರ ನಿತ್ಯದ ಕೆಲಸವಲ್ಲ. "ಮಿಷನ್ ಟ್ರಿಪ್" ಅಂತ ಹೊರಡುತ್ತಾರೆ, ಒಂದು ವಾರ, ಹತ್ತು ದಿನ. ಶಾಲೆಗೆ ರಜೆ ಬಿಟ್ಟಾಗ ಹುಡುಗ ಹುಡುಗಿಯರ ತಂಡ, ಜೊತೆಗೆ ನಾಲ್ಕಾರು ದೊಡ್ಡವರು. ಒಂದೇ ಬಣ್ಣದ ಟೀ ಶರ್ಟು. ಹೋಗುವ ಮೊದಲು ನೆಂಟರಿಷ್ಟರಿಗೆ, ಸಭೆಯವರಿಗೆ ಪತ್ರ ಬರೆದು ದುಡ್ಡು ಕೂಡಿಸುತ್ತಾರೆ. ಅಲ್ಲಿ ಬೆಳಗ್ಗೆ ಮನೆ ರಿಪೇರಿಯೋ ಮಕ್ಕಳ ಬೈಬಲ್ ಶಾಲೆಯೋ ನಡೆಯುತ್ತದೆ. ಮಧ್ಯಾಹ್ನದ ಮೇಲೆ ಮನೆ ಮನೆ.

ಗದಗ ಕಡೆಯ ನನ್ನ ಗೆಳೆಯನೊಬ್ಬನಿದ್ದಾನೆ, ತಲೆಮಾರುಗಳಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ಇಲ್ಲಿ ಒಂದು ಚರ್ಚಿಗೆ ಸೇರಿದ ಮೇಲೆ ಮೆಕ್ಸಿಕೋ ಗಡಿಯ ಹತ್ತಿರದ ಟೆಕ್ಸಸ್ ಊರೊಂದಕ್ಕೆ ಇಂಥ ಟ್ರಿಪ್ ಹೋಗಿಬಂದ. ತಯಾರಿ ಹೇಗಿರುತ್ತೆ ಅಂತ ಅವನನ್ನು ಕೂರಿಸಿಕೊಂಡು ಕೇಳಿದೆ. ಮುಂಚೆ ನಾಲ್ಕು ವಾರ ಅಭ್ಯಾಸ ಮಾಡಿಸಿದರಂತೆ. ಮೊದಲು "ಸಾಕ್ಷಿ". ನಾನು ಮುಂಚೆ ಹೇಗಿದ್ದೆ, ಯೇಸುವನ್ನು ಹೇಗೆ ನಂಬಿದೆ, ಈಗ ಹೇಗಿದ್ದೇನೆ. ಮೂರು ನಿಮಿಷದಲ್ಲಿ ಮುಗಿಸಬೇಕು. ಕುಡಿತ ಬಿಟ್ಟವನಿಗೆ ಇದು ಸುಲಭ, ಹುಟ್ಟಿದಾಗಿನಿಂದ ಸಭೆಯಲ್ಲೇ ಬೆಳೆದವನಿಗೆ ಕಷ್ಟ. "ನಾ ಏನ್ ಹೇಳ್ಲಿ? ಸಣ್ಣಾಂವ ಇದ್ದಾಗಿಂದ ಸಂಡೇ ಸ್ಕೂಲಿಗೆ ಹೋಗೇನಿ, ಅಷ್ಟ!" ಅಂತ ನಕ್ಕ.

ಆಮೇಲೆ ಬೈಬಲ್ ವಚನಗಳ ಒಂದು ದಾರಿ. ಹೊಸ ಒಡಂಬಡಿಕೆಯ ರೋಮಾಪುರದವರ ಪತ್ರಿಕೆಯಿಂದ ನಾಲ್ಕು ಮಾತು, ಕ್ರಮವಾಗಿ. ಎಲ್ಲರೂ ಪಾಪ ಮಾಡಿದ್ದಾರೆ (3:23). ಪಾಪದ ಸಂಬಳ ಮರಣ (6:23). ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತ (5:8). ಬಾಯಿಂದ ಅರಿಕೆ ಮಾಡಿ ಮನಸ್ಸಿನಲ್ಲಿ ನಂಬಿದರೆ ರಕ್ಷಣೆ (10:9). ಇದನ್ನು "ರೋಮನ್ಸ್ ರೋಡ್" ಅಂತಾರೆ. ಬಾಗಿಲಲ್ಲಿ ಐದು ನಿಮಿಷ ಸಿಕ್ಕರೆ ಇಡೀ ಧರ್ಮವನ್ನು ಅಷ್ಟರಲ್ಲಿ ದಾಟಿಸುವ ಪ್ರಯತ್ನ ಇದು. ಫ್ಲಾರಿಡಾದ ಡಿ. ಜೇಮ್ಸ್ ಕೆನಡಿ ಎಂಬ ಪಾಸ್ಟರ್ 1960ರ ದಶಕದಲ್ಲಿ ಇದಕ್ಕೊಂದು ತರಬೇತಿ ಪದ್ಧತಿಯನ್ನೇ ಕಟ್ಟಿದರು. ಒಬ್ಬ ಪಳಗಿದವ, ಇಬ್ಬರು ಕಲಿಯುವವರು, ಒಟ್ಟು ಮೂರು ಜನ ಹೋಗಬೇಕು. ಮಾತಿಗೆ ಎರಡು ಪ್ರಶ್ನೆ. ನೀವು ಇವತ್ತು ರಾತ್ರಿ ಸತ್ತರೆ ಸ್ವರ್ಗಕ್ಕೆ ಹೋಗುತ್ತೀರಿ ಅನ್ನೋದು ಖಚಿತವಾ? ನಿನ್ನನ್ನು ಯಾಕೆ ಒಳಗೆ ಬಿಡಬೇಕು ಅಂತ ದೇವರು ಕೇಳಿದರೆ ಏನು ಹೇಳ್ತೀರಿ?

ಮೊದಲ ಪ್ರಶ್ನೆಯನ್ನು ನಮ್ಮೂರಲ್ಲಿ ದೀಪ ಹಚ್ಚೋ ಹೊತ್ತಿಗೆ ಯಾರಾದರೂ ಬಾಗಿಲಿಗೆ ಬಂದು ಕೇಳಿದರೆ ಏನಾಗುತ್ತೆ ಊಹಿಸಿ. "ಬಿಡ್ತು ಅನ್ನು!" ಅಂತ ಅಜ್ಜಿ ಕದ ಹಾಕಿಕೊಳ್ಳುತ್ತಾಳೆ.

ಇದು ಬರೀ ತಮಾಷೆಗೆ ಹೇಳಿದ್ದಲ್ಲ. ಆ ಪ್ರಶ್ನೆ ಹುಟ್ಟಿದ್ದು ಬಹುಪಾಲು ಎಲ್ಲರೂ ಒಂದಲ್ಲ ಒಂದು ಚರ್ಚಿನ ನೆರಳಲ್ಲಿ ಬೆಳೆದ ಊರಿಗೆ. ಸ್ವರ್ಗ ಒಂದಿದೆ, ಒಂದೇ ಜನ್ಮ, ಒಂದೇ ತೀರ್ಪು ಅಂತ ಕೇಳಿಸಿಕೊಳ್ಳುವವನೂ ಆಗಲೇ ಒಪ್ಪಿರುತ್ತಾನೆ. ಪುನರ್ಜನ್ಮ ಅನ್ನೋದನ್ನು ಉಸಿರಾಟದ ಹಾಗೆ ನಂಬಿರುವ ನಮ್ಮ ಮನೆಗಳಲ್ಲಿ ಆ ಪ್ರಶ್ನೆಗೆ ಕಾಲೂರುವ ಜಾಗವೇ ಇಲ್ಲ. ಪದದ ಗೊಂದಲ ಬೇರೆ. ಕನ್ನಡ ಬೈಬಲ್ ಹೇಳುವ "ಪಾಪ" ದೇವರಿಂದ ದೂರವಾದ ಸ್ಥಿತಿ, ಮಗುವಿನಿಂದ ಹಿಡಿದು ಎಲ್ಲರದ್ದೂ. ನಮ್ಮ ಮನೆಮಾತಿನ ಪಾಪ ಒಂದು ಕೆಟ್ಟ ಕೆಲಸ, ಯಾರೋ ಮಾಡಿದ್ದು. ಅಮ್ಮನ "ಅಯ್ಯೋ ಪಾಪ" ಇನ್ನೂ ಬೇರೆ, ಬಿಸಿಲಲ್ಲಿ ಬೆಂದ ಹುಡುಗನ ಮೇಲೆ ಮರುಕ. ಗುರುತಿಲ್ಲದವನು ಬಂದು "ನೀವು ಪಾಪಿಗಳು" ಅಂದರೆ ಅವನ ಲೆಕ್ಕದಲ್ಲಿ ಅದು ತತ್ವ, ನಮ್ಮ ಕಿವಿಯಲ್ಲಿ ಬೈಗುಳ.

ನಮ್ಮ ನಾಡಿಗೆ ಬಂದ ಹಳೆಯ ಮಿಷನರಿಗಳಿಗೆ ಇದು ಬೇಗ ತಿಳಿದಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಸಂತೆ, ಜಾತ್ರೆಗಳಲ್ಲಿ ನಿಂತು ಬೋಧಿಸಿದರು. ಅದರ ಜೊತೆಗೇ ಭಾಷೆಗೆ ಇಳಿದರು. ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ತಂದರು, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಕಿಟೆಲ್ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿ ನೋಡಿದರು, 1894ರಲ್ಲಿ ನಿಘಂಟು ಕೊಟ್ಟರು. ಮನೆಯೊಳಗೆ ಹೋಗುವುದು ಗಂಡಸರಿಗೆ ಆಗದ ಮಾತಾಗಿದ್ದರಿಂದ ಆ ಕಾಲದ ಮಿಷನ್‌ಗಳು ಹೆಂಗಸರನ್ನೇ ಕಳಿಸಿದವು. ಅವರು ಓದು ಬರಹ, ಹೊಲಿಗೆ ಕಲಿಸುತ್ತಾ ಬೈಬಲ್ ಕಥೆ ಹೇಳುತ್ತಿದ್ದರು. ಹತ್ತು ದಿನಕ್ಕೆ ಬಂದು ಹೋಗುವವರಿಗೆ ಇಷ್ಟೆಲ್ಲಾ ವ್ಯವಧಾನ ಎಲ್ಲಿಂದ ಬರಬೇಕು?

ಇನ್ನು ಮೂಲಕ್ಕೆ ಬರೋಣ. ಮನೆ ಮನೆಗೆ ಹೋಗಿ ಅಂತ ಬೈಬಲ್‌ನಲ್ಲಿ ಇದೆಯಾ? ಎಲ್ಲ ಜನಾಂಗಗಳನ್ನೂ ಶಿಷ್ಯರನ್ನಾಗಿ ಮಾಡಿ ಎಂಬ ಯೇಸುವಿನ ಆಜ್ಞೆ ಮತ್ತಾಯನ ಸುವಾರ್ತೆಯ ಕೊನೇ ಅಧ್ಯಾಯದಲ್ಲಿದೆ. ಇದನ್ನು ಮೂರೂ ಗುಂಪಿನವರು ಎತ್ತಿ ಹೇಳುತ್ತಾರೆ. ಇಬ್ಬಿಬ್ಬರಾಗಿ ಹೋಗುವ ರೂಢಿ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದ್ದು. ಅಲ್ಲಿ ಯೇಸು ಶಿಷ್ಯರನ್ನು ಜೋಡಿ ಮಾಡಿ ಊರೂರಿಗೆ ಕಳಿಸುತ್ತಾನೆ. ಹಣದ ಚೀಲ ಬೇಡ, ಕೆರ ಬೇಡ. ಕೊಟ್ಟಿದ್ದನ್ನು ಉಣ್ಣಿ, ಕುಡಿಯಿರಿ. ಅದೇ ಅಧ್ಯಾಯದ ಏಳನೇ ವಚನ ನೋಡಿ: ಒಂದೇ ಮನೆಯಲ್ಲಿ ಇರಿ, ಮನೆಯಿಂದ ಮನೆಗೆ ಅಲೆಯಬೇಡಿ! ಇದನ್ನು ಓದಿದಾಗ ನಾನು ಗೆಳೆಯನಿಗೆ ಫೋನ್ ಮಾಡಿ ಕಾಲೆಳೆದೆ. ಅವನು ಬಿಡಲಿಲ್ಲ. ಅದು ಒಳ್ಳೆ ಊಟ ಸಿಗುವ ಮನೆ ಹುಡುಕಬೇಡಿ ಅಂತ ಹೇಳಿದ್ದು ಅಂದ. ಬೈಬಲ್‌ನದೇ ಇನ್ನೊಂದು ಪುಸ್ತಕ, ಅಪೊಸ್ತಲರ ಕೃತ್ಯಗಳ 20:20 ತೆಗೆದು ತೋರಿಸಿದ. ಅಲ್ಲಿ ಅಪೊಸ್ತಲ ಪೌಲ ಬಹಿರಂಗವಾಗಿಯೂ ಮನೆ ಮನೆಯಲ್ಲಿಯೂ ಬೋಧಿಸಿದೆ ಅನ್ನುತ್ತಾನೆ. ಆದರೆ ಅಲ್ಲಿನ ಗ್ರೀಕ್ ಮಾತಿನ ಮೇಲೆ ಪಂಡಿತರ ಜಗಳ ಇದೆ. "ಮನೆಯಿಂದ ಮನೆಗೆ" ಅಂತಲೂ ಓದಬಹುದು, "ಮನೆಗಳಲ್ಲಿ" ಅಂತಲೂ ಓದಬಹುದು. ಮೊದಲಿನದಾದರೆ ಗುರುತಿಲ್ಲದವರ ಬಾಗಿಲು. ಎರಡನೆಯದಾದರೆ ಆಗಲೇ ನಂಬಿದವರು ಸೇರುತ್ತಿದ್ದ ಮನೆ. ಯೆಹೋವನ ಸಾಕ್ಷಿಗಳು ಮೊದಲ ಅರ್ಥದ ಮೇಲೇ ತಮ್ಮ ಇಡೀ ಕೆಲಸ ಕಟ್ಟಿಕೊಂಡಿದ್ದಾರೆ.

ಹಾಗಾದರೆ ಬಾಗಿಲು ತಟ್ಟಿದರೆ ಜನ ನಿಜವಾಗಿ ಮತ ಬದಲಿಸುತ್ತಾರಾ? ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ ಮಾರ್ಮನ್ನರದೇ ದಾಖಲೆ ಇಟ್ಟುಕೊಂಡು ಈ ಲೆಕ್ಕ ನೋಡಿದರು. ಗುರುತಿಲ್ಲದ ಸಾವಿರ ಮನೆ ತಟ್ಟಿದರೆ ಒಬ್ಬರು ಸೇರುತ್ತಾರೆ. ಅದೇ ಮಾರ್ಮನ್ ಗೆಳೆಯನ ಅಥವಾ ನೆಂಟನ ಮನೆಯಲ್ಲಿ ಮೊದಲ ಭೇಟಿ ಆದರೆ ಅರ್ಧದಷ್ಟು ಜನ ಸೇರುತ್ತಾರೆ. ಸಾವಿರಕ್ಕೆ ಒಂದು ಎಲ್ಲಿ, ಎರಡಕ್ಕೆ ಒಂದು ಎಲ್ಲಿ! ಮನುಷ್ಯರು ಹೊಸ ನಂಬಿಕೆಗೆ ಹೋಗುವುದು ವಾದ ಕೇಳಿ ಅಲ್ಲ, ಒಡನಾಟದಿಂದ. ಇದು ಮಿಷನ್ ನಡೆಸುವವರಿಗೆ ಗೊತ್ತಿಲ್ಲದ್ದೇನಲ್ಲ. ಈಚೆಗೆ ಮಾರ್ಮನ್ನರೂ ಪರಿಚಯದವರ ಮೂಲಕ, ಮೊಬೈಲ್ ಮೂಲಕ ಜನರನ್ನು ಹುಡುಕುವುದೇ ಜಾಸ್ತಿ.

ಆದರೂ ತಟ್ಟುತ್ತಾರೆ. ಯಾಕೆ? ನನಗೆ ಅನ್ನಿಸುವುದು, ಬಾಗಿಲಿನ ಈಚೆ ಇರುವವರಿಗಿಂತ ಆಚೆ ನಿಂತವರ ಮೇಲೆ ಈ ಕೆಲಸದ ಪರಿಣಾಮ ದೊಡ್ಡದು. ಹದಿನೆಂಟರ ಹುಡುಗನೊಬ್ಬ ದಿನಕ್ಕೆ ಐವತ್ತು ಸಲ "ನಾನು ಇದನ್ನು ನಂಬುತ್ತೇನೆ" ಅಂತ ಬಾಯಿಬಿಟ್ಟು ಹೇಳುತ್ತಾನೆ. ನಲವತ್ತೊಂಬತ್ತು ಬಾಗಿಲು ಮುಖದ ಮೇಲೆ ಮುಚ್ಚುತ್ತವೆ. ಎರಡು ವರ್ಷ ಹೀಗೆ ಕಳೆದವನು ಬಿಟ್ಟು ಹೋಗುವುದು ಸುಲಭವಲ್ಲ. ಹೊರಗಿನ ತಿರಸ್ಕಾರ ಒಳಗಿನವರನ್ನು ಹತ್ತಿರ ತರುತ್ತದೆ. ನನ್ನ ಗೆಳೆಯ ಒಪ್ಪುವುದಿಲ್ಲ. ಅವನ ಪ್ರಕಾರ ಇದು ಆಜ್ಞೆ, ಫಲ ದೇವರದ್ದು. ಬಿತ್ತೋದು ನಮ್ಮ ಕೆಲಸ, ಬೆಳೆ ಎಣಿಸೋದಲ್ಲ ಅನ್ನುತ್ತಾನೆ. ಆದರೆ ಅವನೇ ಇನ್ನೊಂದು ಮಾತೂ ಹೇಳಿದ. "ಬೆಲ್ ಒತ್ತಿ ನಿಲ್ತಿದ್ವಿ ನೋಡಪಾ, ಯಾರೂ ಬಾಗ್ಲಾ ತಗೀಲಿಲ್ಲಂದ್ರ ಒಳಗೊಳಗ ಸಮಾಧಾನ ಆಗ್ತಿತ್ತು." ಪರದೆ ಹಿಂದೆ ಉಸಿರು ಬಿಗಿಹಿಡಿದು ಕೂತ ನಾವು, ಹೊರಗೆ ಯಾರೂ ಬರದಿರಲಿ ಅಂತ ಕಾಯುವ ಅವರು!

ಕಾನೂನಿನ ಮಾತು. ಅಮೆರಿಕದಲ್ಲಿ ಈ ಹಕ್ಕನ್ನು ಗಟ್ಟಿ ಮಾಡಿದ್ದು ಹೆಚ್ಚಾಗಿ ಯೆಹೋವನ ಸಾಕ್ಷಿಗಳ ಮೊಕದ್ದಮೆಗಳೇ. ಒಂದು ಮೊಕದ್ದಮೆ ನನಗೆ ಬಹಳ ಇಷ್ಟ. ಓಹಾಯೋದ ಸ್ಟ್ರದರ್ಸ್ ಎಂಬ ಊರು, ಉಕ್ಕಿನ ಕಾರ್ಖಾನೆಗಳ ಕಡೆಯದು. ರಾತ್ರಿ ಪಾಳಿ ಮುಗಿಸಿದವರು ಹಗಲು ಮಲಗುತ್ತಿದ್ದರು. ಕರಪತ್ರ ಹಂಚಲು ಯಾರೂ ಬೆಲ್ ಒತ್ತಬಾರದು ಅಂತ ಊರಿನವರು ಕಾಯ್ದೆ ಮಾಡಿದರು. ಬೆಲ್ ಒತ್ತಿದ ಹೆಂಗಸೊಬ್ಬರಿಗೆ ಹತ್ತು ಡಾಲರ್ ದಂಡ ಬಿತ್ತು. ಸುಪ್ರೀಂ ಕೋರ್ಟ್ 1943ರಲ್ಲಿ ಆ ಕಾಯ್ದೆಯನ್ನು ತಳ್ಳಿಹಾಕಿತು. ಬೇಡ ಅನ್ನುವ ಹಕ್ಕು ಮನೆಯವರದ್ದು, ಎಲ್ಲರ ಪರವಾಗಿ ಊರಾಡಳಿತ ಬೇಡ ಅನ್ನುವ ಹಾಗಿಲ್ಲ ಅನ್ನೋದು ಅದರ ಸಾರ. ಇದೇ ಓಹಾಯೋದ ಸ್ಟ್ರಾಟನ್ ಎಂಬ ಪುಟ್ಟ ಹಳ್ಳಿ, ಮನೆ ಮನೆಗೆ ಹೋಗುವವರು ಮೇಯರ್ ಕಚೇರಿಯಿಂದ ಪರವಾನಗಿ ತರಬೇಕು ಅಂದಾಗಲೂ 2002ರಲ್ಲಿ ಕೋರ್ಟ್ 8-1ರಿಂದ ಅದನ್ನು ಒಪ್ಪಲಿಲ್ಲ. ಹಾಗಾಗಿ ಇವರು ಬಂದರೆಂದು ಪೊಲೀಸರನ್ನು ಕರೆಯುವುದರಲ್ಲಿ ಅರ್ಥವಿಲ್ಲ. ಬಾಗಿಲಿಗೆ "ನೋ ಸಾಲಿಸಿಟಿಂಗ್", ಅಂದರೆ ಮಾರಲು ಬರುವವರು ಬೆಲ್ ಒತ್ತಬೇಡಿ ಅನ್ನುವ ಬೋರ್ಡ್ ಹಾಕಬಹುದು. ನಾವೇನೂ ಮಾರುತ್ತಿಲ್ಲವಲ್ಲ ಅಂತ ವಾದಿಸಿ ತಟ್ಟುವವರೂ ಇದ್ದಾರೆ. ಅದಕ್ಕಿಂತ "ನಮ್ಮ ಮನೆಗೆ ಇನ್ನು ಬರಬೇಡಿ" ಅಂತ ನೇರವಾಗಿ ಹೇಳುವುದು ಸುಲಭ. ಯೆಹೋವನ ಸಾಕ್ಷಿಗಳು ಅಂಥ ಮನೆಗಳ ಪಟ್ಟಿಯನ್ನೇ ಇಟ್ಟುಕೊಳ್ಳುತ್ತಾರೆ.

ಭಾರತದ ಲೆಕ್ಕ ಬೇರೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. 1977ರ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ನಿನ್ನ ಧರ್ಮದ ತತ್ವ ವಿವರಿಸುವುದು ಹಕ್ಕು, ಇನ್ನೊಬ್ಬನನ್ನು ಮತಾಂತರ ಮಾಡುವುದು ಹಕ್ಕಲ್ಲ ಅಂತ. ಬಾಗಿಲಲ್ಲಿ ನಿಂತಾಗ ಇವೆರಡರ ನಡುವಿನ ಗೆರೆ ಎಲ್ಲಿದೆ ಅಂತ ಹೇಳುವುದು ಕಷ್ಟ, ಅಲ್ವಾ? ಕರ್ನಾಟಕದಲ್ಲಿ 2022ರ ಕಾಯ್ದೆ, ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು ಅಂದಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು.

ಹೊರದೇಶದ ಕನ್ನಡಿಗ ಕ್ರೈಸ್ತರು ಗಮನಿಸಬೇಕಾದ್ದು ಒಂದಿದೆ. ರಜೆಗೆ ಊರಿಗೆ ಹೋಗುವಾಗ ಚರ್ಚಿನ ತಂಡವನ್ನೂ ಕರೆದುಕೊಂಡು ಹೋಗಿ ಹಳ್ಳಿಗಳಲ್ಲಿ ಸುವಾರ್ತೆ ಹೇಳೋಣ ಅಂತ ಆಸೆ ಪಡುವವರಿದ್ದಾರೆ. ಪ್ರವಾಸಿ ವೀಸಾದಲ್ಲಿ ಇದಕ್ಕೆ ಅವಕಾಶ ಇಲ್ಲ. ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ 2021ರ ಅಧಿಸೂಚನೆಯ ಪ್ರಕಾರ ಮಿಷನರಿ ಕೆಲಸಕ್ಕೆ ವಿಶೇಷ ಅನುಮತಿ ಬೇಕು. ಅನುಮತಿ ಇಲ್ಲದೆ ಹೋದವರು ವಿಮಾನ ಹತ್ತಿ ವಾಪಸ್ ಬಂದುಬಿಡಬಹುದು. ಪೊಲೀಸ್ ಠಾಣೆ, ಊರಿನವರ ಸಿಟ್ಟು ಎದುರಿಸುವವನು ಅವರನ್ನು ಕರೆಸಿಕೊಂಡ ಹಳ್ಳಿಯ ಪಾಸ್ಟರ್. ಗದಗಿನ ಗೆಳೆಯ ಇದನ್ನು ನನಗಿಂತ ಖಾರವಾಗಿ ಹೇಳುತ್ತಾನೆ. ಅಮೆರಿಕದಲ್ಲಿ ಬಾಗಿಲು ತಟ್ಟಿದ ಅವನು ಊರಿಗೆ ಹೋದಾಗ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಅಲ್ಲಿ ಅವನಿಗೆ ಎಲ್ಲರೂ ಗೊತ್ತಿರುವವರೇ, ಕರೆದು ಕೂರಿಸಿ ಮಂಡಕ್ಕಿ ಮಿರ್ಚಿ ಕೊಡುವವರು.

ಮಾರ್ಮನ್ ಹುಡುಗರ ಬಗ್ಗೆ ಇನ್ನೊಂದು ವಿಷಯ ಹೇಳುವುದು ಬಿಟ್ಟಿದ್ದೆ. ಅವರು ಹೋದ ಮನೆ, ಮಾತಾಡಿದವರ ವಿವರ ಎಲ್ಲ ಬರೆದಿಡುತ್ತಾರೆ. ಮುಂಚೆ ದಪ್ಪ ಪುಸ್ತಕದಲ್ಲಿ, ಈಗ ಫೋನಿನಲ್ಲಿ. ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆ ಪಟ್ಟಿ ಬರುತ್ತದೆ. ಯಾರನ್ನಾದರೂ ಬೇರೆ ಊರಿಗೆ ಹಾಕಿದರೆ ಹೊಸದಾಗಿ ಬಂದವರು ಅದೇ ವಿವರ ಓದಿಕೊಂಡು ಕೆಲಸ ಮುಂದುವರಿಸುತ್ತಾರೆ. ಅಮ್ಮ ಊರಿಗೆ ವಾಪಸ್ ಹೋಗಿ ತಿಂಗಳಾಗಿತ್ತು. ಒಂದು ಶನಿವಾರ ಬೆಲ್ ಆಯಿತು. ಬಿಳಿ ಶರ್ಟು, ಟೈ, ಆದರೆ ಮುಖ ಹೊಸದು. ನನ್ನನ್ನು ನೋಡಿ, ನನ್ನ ಹಿಂದೆ ಒಮ್ಮೆ ಇಣುಕಿ, ಒಬ್ಬ ಸಂಕೋಚದಿಂದ ಕೇಳಿದ. ಉಪ್ಪು ಹಾಕಿದ ಮಜ್ಜಿಗೆ ಕೊಡುವ ಅಜ್ಜಿ ಇದೇ ಮನೆಯಲ್ಲಿ ಇರೋದಾ?